ಕೆಂಬೂತದ ಹಿಂದಿನ ಸೀಟು

ಸ್ಟಿಕ್ ತಾನಾಗಿಯೇ ಎಡಕ್ಕೆ ಸರಿಯಿತು. ನೀಲಾಂಬಿಕಾ ಹಂಪಣ್ಣವರ ಅದನ್ನು ಬಲಕ್ಕೆ ಒತ್ತಿದರು. ಸೈಕಲ್ ಕಲಿಯುವ ಮಗುವಿನ ಹ್ಯಾಂಡಲನ್ನು ಹಿಂದಿನಿಂದ ಯಾರೋ ಹಿಡಿದು ತಡೆದಂತೆ ಅದು ಮೆಲ್ಲಗೆ ತಡೆಯಿತು. ಅವರು ಕೈ ಸಡಿಲಿಸಿದರು. ಪರದೆಯ ಮೇಲೆ ರನ್‌ವೇ ನೇರವಾಗಿ ಎದುರಿಗೆ ಬಂತು, ಚಕ್ರಗಳು ಹುಲ್ಲನ್ನು ಮುಟ್ಟಿದವು, ಎರಡು ಜೊತೆ ರೆಕ್ಕೆಗಳ ಹಳೆಯ ವಿಮಾನ ಕುಲುಕುತ್ತ ಓಡಿ ನಿಂತಿತು. ಇಳಿಸಿದ್ದು ತಾನಲ್ಲ ಎಂದು ನೀಲಾಂಬಿಕಾ ಅವರಿಗೆ ಅನ್ನಿಸಿತು.

ಅವರು ಕುಳಿತಿದ್ದದ್ದು ಧಾರವಾಡದ ಸಪ್ತಾಪುರದಲ್ಲಿ, ತಮ್ಮ ಮನೆಯ ಮುಂದಿನ ಕೋಣೆಯಲ್ಲಿ. ಎರಡು ಸಾವಿರದ ಅರವತ್ತು ದಾಟಿದ್ದ ಆ ಕಾಲದಲ್ಲಿ ಫ್ಲೈಟ್ ಸಿಮ್ಯುಲೇಟರ್, ಅಂದರೆ ನೆಲದ ಮೇಲೆ ಕುಳಿತೇ ವಿಮಾನ ಹಾರಿಸಿದ ಅನುಭವ ಕೊಡುವ ಯಂತ್ರ, ಅನೇಕರ ಮನೆಗಳಲ್ಲಿತ್ತು. ಅದರ ಸ್ಟಿಕ್ಕಿನೊಳಗಿನ ಸಣ್ಣ ಮೋಟರುಗಳು ಗಾಳಿಯ ಹೊಡೆತವನ್ನು ಕೈಗೆ ಮರಳಿ ಮುಟ್ಟಿಸುತ್ತಿದ್ದವು. ಯಾರು ಬೇಕಾದರೂ ಹೊಸ ವಿಮಾನವೊಂದನ್ನು ಕಂಪ್ಯೂಟರಿನಲ್ಲಿ ತಯಾರಿಸಿ ಇದಕ್ಕೆ ಸೇರಿಸಬಹುದಿತ್ತು. ಇಂಥವನ್ನು ಆಡ್-ಆನ್ ಎನ್ನುತ್ತಿದ್ದರು. ಅವುಗಳನ್ನು ಪರೀಕ್ಷಿಸಿ ವಿಮರ್ಶೆ ಬರೆಯುವುದು ನೀಲಾಂಬಿಕಾ ಅವರ ಕೆಲಸ. ಹತ್ತೊಂಬತ್ತು ವರ್ಷ ಹೊಲಗಳ ಮೇಲೆ ಔಷಧಿ ಸಿಂಪಡಿಸುವ ಚಿಕ್ಕ ವಿಮಾನ ಓಡಿಸಿದವರು ಅವರು. ಒಳಕಿವಿಯ ತೊಂದರೆಯಿಂದ ಲೈಸೆನ್ಸ್ ಹೋದ ಮೇಲೂ ಕೈಗಳು ಆಕಾಶವನ್ನು ಮರೆತಿರಲಿಲ್ಲ. ಅವರ ವಿಮರ್ಶೆ ಎಂದರೆ ತಯಾರಕರಿಗೆ ನಡುಕ. ಉಚಿತವಾಗಿ ಸಿಕ್ಕಿದ್ದನ್ನೂ ಅವರು ಮುಲಾಜಿಲ್ಲದೆ ಜಾಲಾಡುತ್ತಿದ್ದರು.

'ಕೆಂಬೂತ'ವೂ ಉಚಿತವಾಗಿ ಬಂದದ್ದೇ. ಕಂದು ರೆಕ್ಕೆ, ಕಪ್ಪು ಮೈ ಇದ್ದ ಆ ತರಬೇತಿ ವಿಮಾನಕ್ಕೆ ಫ್ಲೈಯಿಂಗ್ ಕ್ಲಬ್ಬೊಂದರ ಮಂದಿ ಆ ಹಕ್ಕಿಯ ಹೆಸರನ್ನೇ ಇಟ್ಟಿದ್ದರು. ಮುಂದಿನ ಸೀಟಿನಲ್ಲಿ ಕಲಿಯುವವರು, ಹಿಂದಿನ ಸೀಟಿನಲ್ಲಿ ಕಲಿಸುವವರು. ಎರಡು ಸ್ಟಿಕ್ಕುಗಳಿಗೂ ಒಂದೇ ಸರಳು, ಒಂದನ್ನು ಅಲ್ಲಾಡಿಸಿದರೆ ಇನ್ನೊಂದೂ ಅಲ್ಲಾಡುತ್ತಿತ್ತು. ಮೂವತ್ತು ವರ್ಷಗಳ ಹಿಂದೆ ಅದು ಬಿದ್ದು ಮುರಿದುಹೋಗಿತ್ತು. ಶೆಡ್ಡೊಂದರಲ್ಲಿ ಧೂಳು ತಿನ್ನುತ್ತಿದ್ದ ಅವಶೇಷವನ್ನು ಸಿಮ್ಯುಲೇಟರಿನೊಳಗೆ ಮತ್ತೆ ಹಾರಿಸಿದವರು ಡಾಕ್ಟರ್ ಇಮ್ತಿಯಾಜ್ ಸವಣೂರ, ಧಾರವಾಡದವರೇ ಆದ ಪದಾರ್ಥವಿಜ್ಞಾನಿ.

ಅವರು ಕಂಡುಹಿಡಿದ ಯಂತ್ರದ ಹೆಸರು ದಾರುಲೇಖಿ. ಊರಿನವರ ಬಾಯಲ್ಲಿ ಅದು 'ಮರ ಓದೂ ಮಷೀನು'. ಮರವನ್ನು ಬಾಗಿಸಿದಾಗ, ಒತ್ತಿದಾಗ ಅದರೊಳಗಿನ ನಾರುಗಳು ಎಷ್ಟೋ ಸೂಕ್ಷ್ಮವಾಗಿ ಜಾರುತ್ತವೆ. ಒತ್ತಡ ಹೋದರೂ ಜಾರಿದ ಗುರುತು ಉಳಿಯುತ್ತದೆ. ದಾರುಲೇಖಿ ಆ ಗುರುತುಗಳನ್ನು ಒಂದೊಂದಾಗಿ ಓದಿ, ಯಾವ ಬಲ, ಯಾವ ಕಡೆಯಿಂದ, ಎಷ್ಟು ಹೊತ್ತು ಬಿದ್ದಿತ್ತು ಎಂದು ಲೆಕ್ಕ ಹಾಕುತ್ತಿತ್ತು. ಕೆಂಬೂತದ ರೆಕ್ಕೆಯ ತೊಲೆಗಳನ್ನೂ ತೇಗದ ಸ್ಟಿಕ್ಕುಗಳನ್ನೂ ಹೀಗೆ ಓದಿಸಿ ಸವಣೂರ ಆ ವಿಮಾನವನ್ನು ಕಂಪ್ಯೂಟರಿನಲ್ಲಿ ಕಟ್ಟಿ, ಎಲ್ಲರಿಗೂ ಹಂಚಿದ್ದರು.

ನೀಲಾಂಬಿಕಾ ವಿಮರ್ಶೆ ಬರೆಯತೊಡಗಿದ್ದರು. "ರೆಕ್ಕೆಗಳ ನಡುವಿನ ತಂತಿಗಳು ವೇಗ ಇಳಿದಂತೆ ಸ್ವರ ಇಳಿಸುತ್ತವೆ. ಇಂಥ ಕುಶಲತೆ ಹಣ ಕೊಟ್ಟು ಕೊಳ್ಳುವ ವಿಮಾನಗಳಲ್ಲೂ ಕಂಡಿಲ್ಲ" ಎಂದು ಬರೆದು, ಕೆಳಗೆ 'ದೋಷಗಳು' ಎಂದು ಗೆರೆ ಎಳೆದವರು ಅಲ್ಲಿಗೇ ನಿಲ್ಲಿಸಿ ಸವಣೂರರಿಗೆ ಫೋನ್ ಮಾಡಿದರು.

"ಡಾಕ್ಟರ್, ನಿಮ್ಮ ವಿಮಾನದಾಗ ಒಂದು ದೋಷ ಐತ್ರಿ. ಇಳಿಯೂ ಮುಂದ ಸ್ಟಿಕ್ಕು ಎಳೀತೈತಿ."

"ಯಾವ ಕಡೆ ಎಳೀತೈತ್ರಿ ಮೇಡಂ?"

"ಕಡೆ ಅನ್ನೂದಿಲ್ಲ. ನಾ ತಪ್ಪು ಮಾಡಿದ್ರಷ್ಟ ಎಳೀತೈತಿ. ಸರಿ ಹಿಡದ್ರ ಸುಮ್ನಿರ್ತೈತಿ. ಆಟೋಪೈಲಟ್ ಏನರ ಹಾಕೀರೇನು?"

ಸವಣೂರ ಹೇಳಿದರು: "ಅಂಥಾದ್ದೇನೂ ನಾ ಹಾಕಿಲ್ಲರಿ."

ಸಂಜೆಯೊಳಗೆ ಅವರು ಸಪ್ತಾಪುರಕ್ಕೇ ಬಂದರು. ಐವತ್ತರ ಹತ್ತಿರದ, ಮಾತು ಕಡಿಮೆಯ ಮನುಷ್ಯ. ತಾವೇ ಸ್ಟಿಕ್ ಹಿಡಿದು ಬೇಕೆಂದೇ ವಕ್ರವಾಗಿ ಇಳಿಸಿ ನೋಡಿದರು. ಅದು ತಿದ್ದಿತು.

"ನಾ ವಿಮಾನ ಓದಿಸಿದ್ದೆರಿ," ಎಂದರು ಸವಣೂರ. "ಹಿಂದಿನ ಸೀಟಿನ ಸ್ಟಿಕ್ಕಿನ ಮ್ಯಾಲೆ ಒಬ್ರು ವರ್ಷಾನುಗಟ್ಟಲೆ ಕೈ ಇಟ್ಟಾರ. ಆ ಕೈನೂ ಓದಿಸಿಕೊಂಡು ಬಂದೈತಿ. ಮರಕ್ಕ ತಾರೀಖು ಗೊತ್ತಿರೂದಿಲ್ಲ. ಇಂಥಾ ವೇಗದಾಗ, ಇಂಥಾ ಓರೆಯೊಳಗ ಇಂಥಾ ಒತ್ತಡ ಬಿತ್ತು, ಅಷ್ಟ ಗೊತ್ತು. ನೀವು ಅದ ಸ್ಥಿತಿಗೆ ತಂದ್ರ, ಅದ ಒತ್ತಡ ಮತ್ತ ಬರ್ತೈತಿ."

ನೀಲಾಂಬಿಕಾ 'ದೋಷಗಳು' ಎಂಬ ಪದವನ್ನು ಅಳಿಸಿದರು. ಅದರ ಜಾಗದಲ್ಲಿ ಬರೆದರು: "ಈ ವಿಮಾನದಲ್ಲಿ ನೀವೊಬ್ಬರೇ ಇರುವುದಿಲ್ಲ. ಹೆದರಬೇಡಿ. ಹಿಂದೆ ಕುಳಿತವರು ಒಳ್ಳೆಯ ಮೇಷ್ಟ್ರು."

ಆ ಸಾಲು ಊರೂರು ತಿರುಗಿತು. ಲಕ್ಷಾಂತರ ಮಂದಿ ಕೆಂಬೂತವನ್ನು ತಮ್ಮ ಯಂತ್ರಗಳಿಗೆ ಸೇರಿಸಿಕೊಂಡರು. ಕಂಡರಿಯದ ಕೈಯೊಂದು ಯಾವ ಯಾವುದೋ ದೇಶದ ಕೋಣೆಗಳಲ್ಲಿ ಏಕಕಾಲಕ್ಕೆ ಹೊಸಬರನ್ನು ತಿದ್ದುತ್ತಿತ್ತು. ಕೆಲವರು ಒಂದೇ ದಿನಕ್ಕೆ ಅದನ್ನು ತೆಗೆದುಹಾಕಿದರು. ಕೆಲವರು ಇಳಿದ ಮೇಲೆ ಹಿಂದಕ್ಕೆ ತಿರುಗಿ ಥ್ಯಾಂಕ್ಸ್ ಹೇಳತೊಡಗಿದರು.

ಒಂದು ಬೆಳಿಗ್ಗೆ ಹುಬ್ಬಳ್ಳಿಯಿಂದ ರತ್ನಮಾಲಾ ಕಲಘಟಗಿ ಎಂಬವರು ಬಂದರು. ಎಪ್ಪತ್ತು ದಾಟಿದವರು, ಇಳಕಲ್ ಸೀರೆ, ನೆಟ್ಟಗಿನ ಬೆನ್ನು.

"ನೀವು ಬರದೀರಲ್ಲ ತಂಗಿ, ವಿಮಾನದಾಗ ನೀವೊಬ್ಬರ ಇರೂದಿಲ್ಲ ಅಂತ," ಎಂದರು. "ಅಲ್ಲಿ ಇನ್ನೊಬ್ರು ಅದಾರಲ್ಲ, ಅವ್ರು ನಮ್ಮನಿಯವ್ರು."

ಕ್ಯಾಪ್ಟನ್ ಜಯವಂತ ಕಲಘಟಗಿ. ಕ್ಲಬ್ಬಿನಲ್ಲಿ ಹಾರಾಟ ಕಲಿಸುತ್ತಿದ್ದವರು. ಒಂದು ಮಧ್ಯಾಹ್ನ ಎಂದಿನ ಹಿಂದಿನ ಸೀಟಿನಲ್ಲೇ ಕುಳಿತು ಒಬ್ಬರೇ ಹಾರಿದ್ದಾಗ ಇಂಜಿನ್ ನಿಂತು, ವಿಮಾನಪಟ್ಟಿಯ ಪೂರ್ವಕ್ಕಿದ್ದ ಕಲ್ಲುಗುಡ್ಡದ ಆಚೆ ಬಿದ್ದಿದ್ದರು. ಎಲ್ಲರೂ ಇನ್ನೊಂದು ದಿಕ್ಕಿನಲ್ಲಿ ಹುಡುಕಿದ್ದರಿಂದ ಅವರು ಸಿಕ್ಕಿದ್ದು ಮರುದಿನ ಬೆಳಿಗ್ಗೆ, ಕುರಿ ಕಾಯುವವರು ಬಂದು ಹೇಳಿದ ಮೇಲೆ.

ನೀಲಾಂಬಿಕಾ ರತ್ನಮಾಲಾ ಅವರನ್ನು ಯಂತ್ರದ ಮುಂದೆ ಕೂರಿಸಿ ಪಕ್ಕದಿಂದ ಪೆಡಲ್ ಒತ್ತಿದರು, ಅವರು ಎರಡೂ ಕೈಗಳಿಂದ ಸ್ಟಿಕ್ ಹಿಡಿದರು. ವಿಮಾನ ಇಳಿಯುತ್ತ ಎಡಕ್ಕೆ ವಾಲಿತು. ಕೈ ಬಂತು. ಮುದುಕಿ ನಕ್ಕುಬಿಟ್ಟರು.

"ಅವರ ಕೈನ ಇದು. ಅವಸರ ಅನ್ನೂದು ಇಲ್ಲ ನೋಡ್ರಿ. ಒಲಿ ಮ್ಯಾಲೆ ಹಾಲು ಉಕ್ಕಿದ್ರೂ ಹಿಂಗ ಎದ್ದು ಬರ್ತಿದ್ರು."

ಆಮೇಲೆ ಅವರು ಆಗಾಗ ಬರತೊಡಗಿದರು. ತಮ್ಮ ಮನೆಯಲ್ಲೇ ಯಂತ್ರ ಇಟ್ಟುಕೊಳ್ಳಲು ಒಪ್ಪಲಿಲ್ಲ. "ಮನ್ಯಾಗಿದ್ರ ನಾ ಉಣ್ಣೂದ, ತಿನ್ನೂದ ಬಿಟ್ಟು ಕೂಡ್ತೀನಿ" ಎನ್ನುತ್ತಿದ್ದರು. ಒಮ್ಮೆ ಚಹಾ ಕುಡಿಯುತ್ತ, "ಬಿದ್ದ ಕ್ಷಣಕ್ಕ ಜೀವ ಹೋಗೇತಿ, ಒಂಚೂರೂ ನರಳಿಲ್ಲ ಅಂತ ದವಾಖಾನಿ ಡಾಕ್ಟರು ಹೇಳಿದ್ರು ನೋಡ್ರಿ. ಅದೊಂದು ಮಾತು ಹಿಡಕೊಂಡು ಇಷ್ಟು ವರ್ಷ ನಿದ್ದಿ ಮಾಡೀನಿ" ಎಂದರು.

ನೀಲಾಂಬಿಕಾ ಅವರ ವಿಮರ್ಶೆಯ ಎರಡನೆಯ ಭಾಗ ಬಾಕಿಯಿತ್ತು. ವಿಮಾನ ಹೇಗೆ ಹಾರುತ್ತದೆ ಎಂದು ಬರೆದರೆ ಸಾಲದು, ಕೆಟ್ಟಾಗ ಹೇಗೆ ನಡೆದುಕೊಳ್ಳುತ್ತದೆ ಎಂದೂ ನೋಡಬೇಕು. ಅವರು ಒಂದು ಮಧ್ಯಾಹ್ನ ಊಟ ಮುಗಿಸಿ ಕುಳಿತು, ಆ ಕಲ್ಲುಗುಡ್ಡದ ಮೇಲೆ ಹಾರುವಾಗ ಇಂಜಿನ್ ನಿಲ್ಲಿಸಿದರು. ತಂತಿಗಳ ಸಿಳ್ಳೆ ಮಾತ್ರ ಉಳಿಯಿತು. ಕೈ ತಕ್ಷಣ ಬಂತು. ಮೂಗನ್ನು ತಗ್ಗಿಸಿತು, ಬಂಡೆಗಳ ನಡುವಿನ ಇಕ್ಕಟ್ಟಾದ ಬಯಲೊಂದನ್ನು ಆರಿಸಿತು, ಕೊನೆಯ ಗಳಿಗೆಯವರೆಗೂ ನಡುಗಲಿಲ್ಲ. ಬಲಗಡೆಯ ಕೆಳರೆಕ್ಕೆ ಕಲ್ಲಿಗೆ ತಾಗಿತು. ಪರದೆ ಕಪ್ಪಾಯಿತು.

ಇಂಥಲ್ಲಿ ಯಂತ್ರ ಅಲ್ಲಿಗೇ ನಿಲ್ಲುತ್ತದೆ, ಸ್ಟಿಕ್ ಜೋತುಬೀಳುತ್ತದೆ. ನೀಲಾಂಬಿಕಾ ಕೈ ತೆಗೆಯಲು ಹೋದರು. ಸ್ಟಿಕ್ ಮೆಲ್ಲಗೆ ಅವರ ಕಡೆಗೆ ಸರಿಯಿತು.

ನಿಂತಿತು. ಸಡಿಲವಾಯಿತು. ಮತ್ತೆ ಬಿಗಿಯಿತು.

ಮೋಟರು ಕೆಟ್ಟಿದೆ ಎಂದುಕೊಂಡು ಅವರು ಕಾದರು. ಕಪ್ಪು ಪರದೆಯಲ್ಲಿ ಅವರದೇ ಮುಖ ಕಾಣುತ್ತಿತ್ತು. ಒತ್ತಡಕ್ಕೆ ಯಾವ ಲಯವೂ ಇರಲಿಲ್ಲ. ಯಂತ್ರದ ದೋಷಕ್ಕೆ ಲಯವಿರುತ್ತದೆ. ಇದು ಎದ್ದೇಳಲು ಆಧಾರ ಹುಡುಕುವ ಕೈ, ಆಗದೆ ಬಿಡುವ ಕೈ, ಸುಧಾರಿಸಿಕೊಂಡು ಮತ್ತೆ ಹಿಡಿಯುವ ಕೈ. ಒಮ್ಮೆ ಅದು ಸ್ಟಿಕ್ಕನ್ನು ಬಹಳ ಹೊತ್ತು ಅತ್ತಿತ್ತ ಅಲ್ಲಾಡಿಸಿತು, ದೂರದಲ್ಲಿ ಯಾರಿಗೋ ಸದ್ದು ಕೇಳಿಸಲಿ ಎಂಬಂತೆ. ನೀಲಾಂಬಿಕಾ ಎದ್ದು ಪ್ಲಗ್ ಕೀಳಬಹುದಿತ್ತು. ಕೀಳಲಾಗಲಿಲ್ಲ. ಬೀದಿಯ ದೀಪಗಳು ಹೊತ್ತಿಕೊಳ್ಳುವ ಹೊತ್ತಿಗೆ ಒತ್ತಡ ತೆಳ್ಳಗಾಗುತ್ತ ಬಂದು ನಿಂತುಹೋಯಿತು.

ನಡೆದದ್ದನ್ನು ಕೇಳಿದ ಮೇಲೆ ಫೋನಿನಲ್ಲಿ ಸವಣೂರರ ದನಿ ಕುಗ್ಗಿತ್ತು. "ಹಿಂದಿನ ಸ್ಟಿಕ್ಕಿನಾಗ ಕೊನಿಗೆ ಒಂದು ಉದ್ದನ ಗುರುತಿತ್ತರಿ. ಇಬ್ಬನಿಗೆ ಮರ ಉಬ್ಬಿದ್ದಿರಬೇಕು ಅಂತ ತಿಳಕೊಂಡು ಹಂಗ ಬಿಟ್ಟೆ."

"ತಗೀರಿ ಅದನ್ನ. ಬಿದ್ದ ಕೂಡ್ಲೆ ಎಲ್ಲಾ ನಿಲ್ಲೂ ಹಂಗ ಮಾಡ್ರಿ."

"ಮಾಡಬಹುದು. ಆದ್ರ ಮೇಡಂ, ಅದು ನಾ ಹೇಳೂ ಮೊದಲನೇ ಸುಳ್ಳಾಗ್ತೈತಿ."

"ಆಗ್ಲಿ," ಎಂದರು ನೀಲಾಂಬಿಕಾ. "ಆ ಅಕ್ಕಾರು ಇನ್ನೆರಡು ದಿನದಾಗ ಬರ್ತಾರ."

ರತ್ನಮಾಲಾ ಮರುದಿನವೇ ಬಂದರು. ಚಪ್ಪಲಿ ಬಿಟ್ಟು ಒಳಗೆ ಬಂದವರು ಕೂರಲೂ ಇಲ್ಲ.

"ಇವತ್ತು ಇಂಜಿನ್ ಬಂದ್ ಮಾಡ್ರಿ."

"ಅದ್ಯಾಕ್ರಿ ಅಕ್ಕಾರ? ಇಳಿಯೂದು ಚಲೋ ಇರ್ತೈತಲ್ಲ."

"ಮಂದಿ ಮಾತಾಡಾಕತ್ತಾರ. ಬಿದ್ದ ಮ್ಯಾಲೂ ಸ್ಟಿಕ್ಕು ಸುಮ್ನಾಗೂದಿಲ್ಲಂತ."

"ಅದು ಸಾಫ್ಟ್‌ವೇರಿನ ದೋಷರಿ. ಡಾಕ್ಟರು ಸರಿ ಮಾಡಾಕತ್ತಾರ."

ರತ್ನಮಾಲಾ ಅವರನ್ನೇ ನೋಡಿದರು. "ಅವತ್ತು ನನಗ ಹೇಳಾಕ ಬಂದ ಡಾಕ್ಟರೂ ಹಿಂಗ ನೆಲಾ ನೋಡಿಕೋತ ಹೇಳಿದ್ರು, ತಂಗಿ. ನನಗ ಆವಾಗ ಗೊತ್ತಾಗಿತ್ತು. ಗೊತ್ತಿಲ್ಲದಂಗ ಇದ್ದೆ."

ನೀಲಾಂಬಿಕಾ ಪಕ್ಕಕ್ಕೆ ಸರಿದು ಸೀಟು ಬಿಟ್ಟುಕೊಟ್ಟರು.

"ಅವತ್ತು ಹತ್ರ ಯಾರೂ ಇರಲಿಲ್ಲ. ನಾ ಮನ್ಯಾಗ ರೊಟ್ಟಿ ಬಡೀತಿದ್ದೆ," ಎಂದು ಅವರು ಸೀಟಿನಲ್ಲಿ ಕುಳಿತರು. "ಹಚ್ರಿ."

ವಿಮಾನ ಬಿತ್ತು. ಪರದೆ ಕಪ್ಪಾಯಿತು. ಸ್ಟಿಕ್ ಬಿಗಿದಾಗ ರತ್ನಮಾಲಾ ಒಮ್ಮೆ ಕಣ್ಣು ಮುಚ್ಚಿದರು, ಅಷ್ಟೇ. ಆಮೇಲೆ ಮಾತಾಡತೊಡಗಿದರು. ಅಂಗಳದ ನುಗ್ಗೆಗಿಡ ಗಾಳಿಗೆ ಮುರಿದದ್ದು, ಮಗಳು ನರ್ಸ್ ಆದದ್ದು, ಗಂಡನ ಕೋಟನ್ನು ಬಹಳ ವರ್ಷ ಇಟ್ಟುಕೊಂಡು ಕೊನೆಗೆ ಕಾವಲುಗಾರನಿಗೆ ಕೊಟ್ಟದ್ದು. ನೀಲಾಂಬಿಕಾ ನೀರು ತಂದುಕೊಟ್ಟರೆ ಒಂದೇ ಕೈಯಿಂದ ಕುಡಿದರು, ಇನ್ನೊಂದನ್ನು ತೆಗೆಯಲಿಲ್ಲ. ಹಿಂದಿನ ದಿನ ಸ್ಟಿಕ್ ಅತ್ತಿತ್ತ ಜೋರಾಗಿ ಅಲ್ಲಾಡಿದ ಗಳಿಗೆ ಬಂದಾಗ ರತ್ನಮಾಲಾ ಬಾಗಿ ಮೆಲ್ಲಗೆ "ಬಂದೀನಿ" ಎಂದರು. ಅಲ್ಲಾಡುವುದು ನಿಂತಿತು. ಇದು ಮೂವತ್ತು ವರ್ಷ ಹಿಂದಿನ ಒತ್ತಡ, ಇದಕ್ಕೆ ಕಿವಿಯಿಲ್ಲ, ನಿನ್ನೆಯೂ ಹೀಗೆಯೇ ನಿಂತಿರಬೇಕು ಎಂದು ನೀಲಾಂಬಿಕಾ ತಮಗೆ ತಾವೇ ಹೇಳಿಕೊಂಡರು. ಆದರೆ ನಿನ್ನೆ ಅದು ಇಷ್ಟು ಬೇಗ ನಿಂತಿತ್ತೇ ಎಂಬುದು ಅವರಿಗೆ ನೆನಪಾಗಲಿಲ್ಲ. ಮತ್ತೊಮ್ಮೆ ಹಾರಿಸಿ ನೋಡುವ ಧೈರ್ಯ ಅವರಿಗೆ ಎಂದೂ ಬರಲಿಲ್ಲ.

ಕತ್ತಲಾಗುವ ಮುಂಚೆ ರತ್ನಮಾಲಾ ಕೈ ತೆಗೆದರು. "ಹೋದ್ರು" ಎಂದರು. ಬೆರಳುಗಳು ಮರಗಟ್ಟಿದ್ದವು. ನೀಲಾಂಬಿಕಾ ಒಂದೊಂದನ್ನೇ ಉಜ್ಜಿ ಬಿಡಿಸಿದರು.

ಬಾಗಿಲಲ್ಲಿ ಚಪ್ಪಲಿ ಹಾಕಿಕೊಳ್ಳುತ್ತ ಅವರು ಹೇಳಿದರು: "ಇನ್ನ ತಗೀರಿ ಅಂತ ಹೇಳ್ರಿ ಡಾಕ್ಟರಿಗೆ. ಮಂದಿ ಆಟಕ್ಕ ಬೀಳಸಬಾರದು ಅವರನ್ನ." ಮತ್ತೆ ಅವರು ಸಪ್ತಾಪುರಕ್ಕೆ ಬರಲಿಲ್ಲ.

ಸವಣೂರ ಆ ಭಾಗವನ್ನು ತೆಗೆದರು. ದಾರುಲೇಖಿಯನ್ನು ಮಾತ್ರ ಲೋಕದಿಂದ ತೆಗೆಯುವುದು ಅವರಿಂದಾಗಲಿಲ್ಲ. ಕೆಲವೇ ವರ್ಷಗಳಲ್ಲಿ ಅದು ಅಂಗೈಯಗಲಕ್ಕೆ ಇಳಿಯಿತು, ಮರವನ್ನಷ್ಟೇ ಅಲ್ಲದೆ ಕಬ್ಬಿಣ, ಪ್ಲಾಸ್ಟಿಕ್ಕನ್ನೂ ಓದತೊಡಗಿತು. ಜನ ಅದನ್ನು ಮೊದಲು ಒಯ್ದದ್ದು ಆಸ್ಪತ್ರೆಗಳಿಗೆ. ತಂದೆತಾಯಿ ಸತ್ತ ಮಂಚದ ಅಂಚಿಗೆ ಹಿಡಿದರೆ ಸಾಕಿತ್ತು. 'ನಿದ್ದೆಯಲ್ಲೇ ಹೋದರು' ಎಂದು ತಿಳಿದಿದ್ದವರು ಆ ಅಂಚನ್ನು ಹಿಡಿದ ಬೆರಳುಗಳು ಎಷ್ಟು ಹೊತ್ತು ಹುಡುಕಾಡಿದ್ದವು ಎಂಬುದನ್ನು ಓದಿದರು. ಸಾವಿನ ಮನೆಯ ಬಾಗಿಲಲ್ಲಿ ಮನುಷ್ಯರು ಯುಗಯುಗಗಳಿಂದ ಹೇಳುತ್ತ ಬಂದಿದ್ದ 'ನರಳಲಿಲ್ಲ' ಎಂಬ ಮಾತು ಬರಬರುತ್ತ ಯಾರ ಬಾಯಲ್ಲೂ ಉಳಿಯಲಿಲ್ಲ.

ಆಸ್ಪತ್ರೆಗಳು ಮೊದಲು ಮಂಚದ ಅಂಚುಗಳಿಗೆ ಗುರುತು ನಿಲ್ಲದ ಮೆತ್ತನೆಯ ಹೊದಿಕೆ ಹೊದಿಸಿದವು. ಜನ ಅದನ್ನು ಹರಿದುಹಾಕಿದರು. ಕೊನೆಗೆ ಬೇರೆ ದಾರಿ ಕಾಣದೆ ಪ್ರತಿ ಮಂಚದ ಪಕ್ಕದಲ್ಲೂ ಒಂದು ಸ್ಟೂಲು ಬಂತು. ಅದರ ಮೇಲೆ ಯಾರಾದರೂ ಒಬ್ಬರು ಕುಳಿತಿರಲೇಬೇಕು, ಸಾಯುವವರ ಕೈ ಹಿಡಿದಿರಬೇಕು ಎಂಬ ನಿಯಮವೂ ಬಂತು. ಹೊಸ ವಾರ್ಡೊಂದರ ಉದ್ಘಾಟನೆಗೆ ಕರೆದಾಗ ಸವಣೂರ ಆ ಸ್ಟೂಲುಗಳ ಸಾಲನ್ನು ಬಹಳ ಹೊತ್ತು ನೋಡಿದರು. ಮೂರು ಕಾಲು, ಒಂದು ಹಲಗೆ. ಯಾವ ಕಾಲದಲ್ಲೂ, ಯಾವ ಬಡಿಗನೂ ಮಾಡಬಹುದಾಗಿದ್ದದ್ದು.

"ಇದಕ್ಕ ನನ್ನ ಮಷೀನು ಬೇಕಾಗಿರಲಿಲ್ಲಲ್ಲರಿ," ಎಂದು ಪಕ್ಕದಲ್ಲಿದ್ದ ನೀಲಾಂಬಿಕಾ ಅವರಿಗೆ ಹೇಳಿದರು.