ಹಳೆಯ ಅಳತೆ

"ಹಳೇ ದಾರ ಒಂದೆಳೆಯೂ ಉಳೀಬಾರದು ಕಣೇ. ಸತ್ತವರ ಬಟ್ಟೆನ ಇರೋರಿಗೆ ಹೊಂದಿಸೋವಾಗ ಪೂರ್ತಿ ಬಿಚ್ಚಿ, ದಾರ ಸುಟ್ಟು, ಆಮೇಲೆ ಹೊಲೀಬೇಕು. ಇಲ್ಲಾಂದ್ರೆ ಅದು ತನ್ನ ಹಳೇ ಅಳತೆ ಹುಡುಕುತ್ತೆ," ಎಂದಳು ಕಾಜಾ ಅಕ್ಕ. ಹೊಲಿಗೆಯಂಗಡಿಯಲ್ಲಿ ಗುಂಡಿಗಳಿಗೆ ಕಾಜಾ ಹಾಕಿ ಹಾಕಿ ಅದೇ ಅವಳ ಹೆಸರಾಗಿತ್ತು.

ಪಕ್ಕದ ಮಿಶನ್ನಿಗೆ ಹೊಸದಾಗಿ ಬಂದವಳು ನಕ್ಕಳು. "ಬಟ್ಟೆಗೇನು ಕಾಲು ಬಂದಿದ್ಯಾ ಅಕ್ಕಾ, ಹುಡುಕ್ಕೊಂಡು ಹೋಗೋಕೆ?"

"ನಗು, ನಗು. ಬೇರೆಯವರು ಮಾಡಿಸೋ ಮಾಟಕ್ಕೆ ಮದ್ದಿದೆ. ನಮ್ಮ ಕೈಯಾರೆ ಮಾಡ್ಕೊಳ್ಳೋದಕ್ಕಿಲ್ಲ. ಚಿಕ್ಕವಳು ಆ ಬಟ್ಟೆ ಹಾಕ್ಕೊಂಡಾಗ ಸತ್ತವಳ ಹೆಸರು ಹಿಡಿದು ಮಾತ್ರ ಕರೀಬೇಡ. ಓಗೊಟ್ಟುಬಿಡ್ತಾಳೆ."

ಹೊಸಬಳ ಮಡಿಲಲ್ಲಿದ್ದದ್ದು ನೀಲಿ ಫ್ರಾಕು. ಜ್ವರದಲ್ಲಿ ತೀರಿಹೋದ ಅವಳ ದೊಡ್ಡ ಮಗಳು ಚಿನ್ನಿಯದು. ಈಗ ಅದು ಚಿಕ್ಕ ಮಗಳು ಪುಟ್ಟಿಗೆ ಆಗಬೇಕಿತ್ತು. ಬಗಲು ಬಿಚ್ಚಿದಳು, ತೋಳು ಬಿಚ್ಚಿದಳು. ಕಾಲರಿಗೆ ಬಂದಾಗ ಬ್ಲೇಡು ನಿಂತಿತು. ಆ ಹೊಲಿಗೆಯನ್ನು ಚಿನ್ನಿಯೇ ಹಾಕಿದ್ದಳು, ಅಂಕುಡೊಂಕಾಗಿ, ಇರುವೆ ಸಾಲಿನ ಹಾಗೆ. ಸೂಜಿ ಚುಚ್ಚಿದ ಬೆರಳಿನ ರಕ್ತ ಒಂದು ಕಡೆ ಕಂದು ಚುಕ್ಕೆಯಾಗಿತ್ತು. ಅದನ್ನು ಹೇಗೆ ಬಿಚ್ಚುವುದು? ಕಾಲರನ್ನು ಹಾಗೇ ಬಿಟ್ಟು, ಉಳಿದ ಬಟ್ಟೆಯನ್ನು ಕತ್ತರಿಸದೆ ಒಳಮಡಿಚಿ ಹೊಲಿದಳು.

ಸಂಜೆ ಮನೆಯಲ್ಲಿ ಪುಟ್ಟಿ ಅದನ್ನು ತೊಟ್ಟು ನಿಂತಳು. "ಕತ್ತು ಚುಚ್ಚುತ್ತೆ ಅಮ್ಮಾ."

ಬಾಗಿಲ ಮಬ್ಬುಬೆಳಕಿಗೆ ಮುಖ ಮಾಡಿ ನಿಂತವಳ ಆ ನೀಲಿ ಬೆನ್ನು, ಥೇಟ್ ಚಿನ್ನಿಯದೇ! ತಾಯಿಗೆ ಕಾಜಾ ಅಕ್ಕನ ಮಾತು ನೆನಪಾಯಿತು. ಬಟ್ಟೆಗೆ ಕಾಲು ಬಂದಿದೆಯೋ ನೋಡೇಬಿಡೋಣ ಎಂದು ತನಗೆ ತಾನೇ ನಗೆಯಾಡಿದಳು. ಆದರೆ ದನಿ ಬೇಡುವವರ ದನಿಯಾಗಿತ್ತು.

"ಚಿನ್ನೀ..."

ಲೈಟು ಹೋಯಿತು. ಚಿನ್ನಿಯ ಜ್ವರಕ್ಕೆ ಹಚ್ಚುತ್ತಿದ್ದ ಮುಲಾಮಿನ ವಾಸನೆ ಕೋಣೆ ತುಂಬಿತು. ಕತ್ತಲಲ್ಲಿ ಟಪ್ ಎಂದಿತು. ಮತ್ತೆ ಟಪ್. ತಾಯಿ ಹಾಕಿದ ಹೊಲಿಗೆಗಳು ಒಂದೊಂದಾಗಿ ಹರಿಯುತ್ತಿದ್ದವು. ಆಮೇಲೆ ಬೇರೆ ಸದ್ದು. ದಾರದ್ದಲ್ಲ. ಮೂಳೆಯದು.

"ಅಮ್ಮಾ, ಬಿಚ್ಚೇ! ಎಳೀತಿದೆ ಕಣೇ!"

ಕತ್ತರಿ ತಡಕಿದಳು. ಸಿಕ್ಕಿತು. ಕಾಲರು ಬೆರಳಿಗೆ ಸುಡುತ್ತಿತ್ತು. ಚಿನ್ನಿ ಹಾಕಿದ ಒಂದೇ ಎಳೆ. ಕತ್ತರಿಸಿದರೆ ಸಾಕು.

ಅದೇ ಗಂಟಲಿನಿಂದ ಇನ್ನೊಂದು ದನಿ ಬಂತು, ಒಣಗಿದ್ದು. "ಅಮ್ಮ, ಮತ್ತೆ ಕಳಿಸ್ತೀಯಾ?"

"ಅಮ್ಮಾ, ಬೇಗ!" ಇದು ಪುಟ್ಟಿ.

ಕತ್ತರಿ ತೆರೆದೇ ಇತ್ತು. ಕೈ ನಿಂತಿತು. ಪುಟ್ಟಿಯ ಕೂಗು ಸಣ್ಣದಾಯಿತು. ಇನ್ನೂ ಸಣ್ಣದಾಯಿತು. ತಾಯಿ ಕತ್ತರಿಯನ್ನು ಮೆಲ್ಲಗೆ ನೆಲಕ್ಕಿಟ್ಟಳು.

ಬೆಳಿಗ್ಗೆ ಕೆಲಸಕ್ಕೆ ಕರೆಯಲು ಬಂದ ಕಾಜಾ ಅಕ್ಕ ಹೊಸ್ತಿಲಲ್ಲೇ ನಿಂತುಬಿಟ್ಟಳು. ಒಳಗೆ ಎತ್ತರದ ಹುಡುಗಿಯೊಬ್ಬಳು ಗೋಡೆಗೊರಗಿ ಕೂತಿದ್ದಳು. ನೀಲಿ ಫ್ರಾಕು ಅವಳಿಗೆ ಅಳತೆ ಕೊಟ್ಟು ಹೊಲಿಸಿದಂತಿತ್ತು. ತಾಯಿ ನೆಲದ ಮೇಲೆ ಕೂತು ಪುಟ್ಟಿಯ ಲಂಗಗಳನ್ನೆಲ್ಲ ಗುಡ್ಡೆ ಹಾಕಿಕೊಂಡು, ಬ್ಲೇಡಿನಿಂದ ಒಂದೊಂದೇ ಹೊಲಿಗೆ ಬಿಚ್ಚುತ್ತಿದ್ದಳು.

"ಚಿಕ್ಕವಳೆಲ್ಲೇ? ಏನೇ ಮಾಡ್ತಿದೀಯ?"

"ನೀವೇ ಹೇಳಿದ್ರಲ್ಲ ಅಕ್ಕಾ," ಎಂದಳು ತಾಯಿ, ತಲೆಯೆತ್ತದೆ. "ಒಂದೆಳೆಯೂ ಉಳೀಬಾರದು ಅಂತ."

ಬಿಚ್ಚಿದ ದಾರವನ್ನೆಲ್ಲ ತಟ್ಟೆಗೆ ಸುರಿದು ಕಡ್ಡಿ ಗೀರಿದಳು. ದಾರ ಸುರುಟಿ ಉರಿಯಿತು. ಗೋಡೆಗೊರಗಿದ್ದ ಹುಡುಗಿಯ ಗಂಟಲಾಳದಲ್ಲಿ ಪುಟ್ಟ ದನಿಯೊಂದು "ಅಮ್ಮಾ" ಎಂದಿತು. ಕೊನೆಯ ಎಳೆ ಬೂದಿಯಾಯಿತು. ಹುಡುಗಿ ಒಮ್ಮೆ ಕೆಮ್ಮಿ, ಕಾಲರನ್ನು ಸರಿಮಾಡಿಕೊಂಡಳು.