ವಾಂಬ್ಯಾಟ್ ಏನಂತು?

ರೀಸ್‌ನ ಗ್ಯಾರೇಜಿನಲ್ಲಿ ವೇಷದ ಅಭ್ಯಾಸಕ್ಕೆಂದು ತಲೆಗೆ ಜಾಲರಿ ಕಣ್ಣಿನ ರಟ್ಟಿನ ಡಬ್ಬ ಹಾಕಿಕೊಂಡು ಕುಣಿಯುತ್ತಿದ್ದ ಮಾರ್ನಿ ಗಕ್ಕನೆ ನಿಂತಳು.

"ಏನಂದೆ ಈಗ?"

"ಏನಿಲ್ಲ, ಕಣ್ಣು ಮಿಟುಕಿಸ್ಬೇಡ, ಸೊಂಟ ಆಡಿಸು ಅಂದೆ."

"ನನ್ನ ಕಣ್ಣು ನಿಂಗೆ ಕಾಣುತ್ತಾ?"

ಟಯರ್ ಮೇಲೆ ಕೂತಿದ್ದ ರೀಸ್ ನೆಲ ನೋಡಿದ. "ಬಾಗಿಲ ಕಡೆ ತಿರುಗಿದಾಗ... ಬಿಸಿಲು ಬಿದ್ರೆ ಜಾಲರಿಯೊಳಗೆ ಎಲ್ಲಾ ಕಾಣುತ್ತೆ ಕಣೇ."

ಅಯ್ಯೋ, ಮಾರ್ನಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಮುಖ ಮುಚ್ಚಿದೆ ಅನ್ನೋ ಧೈರ್ಯದಲ್ಲಿ ಮೂರು ವಾರದಿಂದ ಅವಳು ಏನೆಲ್ಲ ಮಾಡಿರಲಿಲ್ಲ! ಅವನ ಕೆನ್ನೆಯ ಗುಳಿಯನ್ನು ಕಣ್ತುಂಬ ನೋಡಿದ್ದಳು. 'ನೀನಂದ್ರೆ ಇಷ್ಟ ಕಣೋ' ಅಂತ ಸದ್ದಿಲ್ಲದೆ ತುಟಿ ಆಡಿಸಿದ್ದಳು. ವೇಷದೊಳಗೆ ಹೊಸಬರು ಮಾಡುವ ತಪ್ಪೇ ಅದು, ಮೈಯಲ್ಲಿ ಹೇಳಬೇಕಾದ್ದನ್ನು ಮುಖದಲ್ಲಿ ಹೇಳೋದು.

"ಮೂರು ವಾರ ಬಿಟ್ಟಿ ನಾಟಕ ನೋಡಿದ್ಯಲ್ಲ, ಸಾಕು!" ಡಬ್ಬ ಕಿತ್ತೆಸೆದು ಕಾರು ಹತ್ತಿ ಹೊರಟೇಹೋದಳು.

ಮರುದಿನ ಬೆಳಿಗ್ಗೆ ಆಸ್ಟ್ರೇಲಿಯಾದ ಗೋಲ್ಡ್ ಕೋಸ್ಟಿನ ಮನರಂಜನಾ ಪಾರ್ಕಿನ ಆಡಿಷನ್ ಸಾಲಿನಲ್ಲಿ ಅವಳೇ ಕೊನೆಯವಳು. ಮರಿ ಕರಡಿಯಂಥ ವಾಂಬ್ಯಾಟ್ ಪ್ರಾಣಿಯ ವೇಷಕ್ಕೆ ಒಂದೇ ಜಾಗ. ಎರಡು ವರ್ಷ ಸೋತಿದ್ದಳು. ಇದೂ ಆಗದಿದ್ದರೆ ಈ ಆಸೆ ಬಿಟ್ಟುಬಿಡ್ತೀನಿ ಅಂತ ಅಮ್ಮನಿಗೆ ಮಾತು ಕೊಟ್ಟಾಗಿತ್ತು. ವೇಷ ಹಾಕಿದವರು ಮಾತಾಡುವಂತಿಲ್ಲ. ಕೈಹಿಡಿದು ನಡೆಸುವ ಜೊತೆಗಾರನೇ ಕಣ್ಣು, ಅವನೇ ನಾಲಿಗೆ. ಆ ಜೊತೆಗಾರನನ್ನು ತಾವೇ ಕರೆತರಬೇಕು. ಅವಳೋ ಒಂಟಿ.

"ನೀರು ಕುಡಿದ್ಯಾ? ಒಳಗೆ ಬೆಂದುಹೋಗ್ತೀಯ."

ರೀಸ್! ಇಸ್ತ್ರಿ ಮಾಡಿದ ಅಂಗಿ, ನಿದ್ದೆಗೆಟ್ಟ ಕಣ್ಣು.

"ನನ್ನ ಮಾತಾಡಿಸ್ಬೇಡ."

"ಸರಿ. ಕೈ ಕೊಡು, ಸಾಕು."

ಕೊಟ್ಟಳು. ಬೇರೆ ದಾರಿಯಿಲ್ಲವಲ್ಲ ಅಂತ ತನಗೆ ತಾನೇ ಸಮಾಧಾನ ಹೇಳಿಕೊಂಡಳು.

ತುಪ್ಪಳದ ದೊಡ್ಡ ತಲೆ ಅವಳ ಮೇಲಿಳಿಯಿತು. ಇದರ ಜಾಲರಿ ಕಡುಕಪ್ಪು, ಹೊರಗಿನವರಿಗೆ ಏನೇನೂ ಕಾಣದು.

"ನಿನ್ನ ಜೊತೆಗಾರನ ಮೇಲೆ ನಿಂಗೆ ಕೋಪ. ತೋರ್ಸು ನೋಡೋಣ," ಎಂದರು ಆಯ್ಕೆ ಮಾಡುವ ಹಿರಿಯಾಕೆ ಗ್ಲೆನಿಸ್.

ಕೋಪಕ್ಕೇನು ಬರವೇ? ಮಾರ್ನಿ ಅವನ ಕೈ ಕೊಡವಿದಳು, ನೆಲ ಒದ್ದಳು, ಬೆನ್ನು ತಿರುಗಿಸಿ ದೊಪ್ಪನೆ ಕೂತಳು. ಆಮೇಲೆ ತಡೆಯಲಾರದೆ ಮೆಲ್ಲಗೆ ತಿರುಗಿ, ತನ್ನ ಎದೆ ಮುಟ್ಟಿ, ಅವನ ಕಣ್ಣು ತೋರಿಸಿ, ಪಂಜ ಮೂರು ಸಲ ಎತ್ತಿದಳು.

"ವಾಂಬ್ಯಾಟ್ ಏನಂತು?" ಗ್ಲೆನಿಸ್ ರೀಸ್‌ನನ್ನು ಕೇಳಿದರು.

ರೀಸ್ ಗಂಟಲು ಸರಿಮಾಡಿಕೊಂಡ. "ಮೂರು ವಾರದಿಂದ ನನ್ನ ಮನಸ್ಸು ನೋಡಿದೀಯ, ಯಾಕೆ ಬಾಯಿ ಬಿಡ್ಲಿಲ್ಲ ಅಂತಿದೆ."

"ಅದಕ್ಕೆ ನೀನೇನಂತೀಯ?"

"ಹೇಳಿದ್ರೆ ನಾಚ್ಕೊಂಡು ನಿಲ್ಲಿಸಿಬಿಡ್ತಾಳೆ ಅಂತ ಭಯ. ದಿನಾ ನಾನೇ ಬೇಕಂತ ಅವಳನ್ನ ಬಾಗಿಲ ಕಡೆ ತಿರುಗಿಸ್ತಿದ್ದೆ. ನಂಗೂ ಅವಳಂದ್ರೆ ಪ್ರಾಣ."

ಒಳಗೆ ಮಾರ್ನಿ ಅತ್ತಳೋ ನಕ್ಕಳೋ, ಯಾರಿಗೂ ಕಾಣಲಿಲ್ಲ. ಆದರೆ ಭುಜ ಕುಣಿಯಿತು, ಗುಂಡು ಹೊಟ್ಟೆ ಅಲುಗಿತು, ಪಾದಗಳು ನಾಚಿ ಒಂದರ ಮೇಲೊಂದು ಏರಿದವು. ಮೂರು ವಾರ ಹೇಳಿಕೊಟ್ಟರೂ ಬಾರದ್ದು ತಾನಾಗಿ ಬಂತು.

"ಅದೇ ಬೇಕಿತ್ತು ನಂಗೆ!" ಗ್ಲೆನಿಸ್ ಪೆನ್ನು ಕೆಳಗಿಟ್ಟರು. "ಸೋಮವಾರದಿಂದ ಬಾ ಮಗಳೇ, ಕೆಲಸ ನಿಂದೇ."

ಅಬ್ಬಾ, ಎದೆಯ ಭಾರವೆಲ್ಲ ಇಳಿದುಹೋಯಿತು! ರೀಸ್ ವೇಷದ ತಲೆ ಎತ್ತಿದ. ಬೆವರಲ್ಲಿ ತೊಯ್ದ ಕೂದಲು, ಅತ್ತು ಕೆಂಪಾದ ಮೂಗು.

"ನೋಡ್ಬೇಡ್ವೋ, ದೆವ್ವದ ಥರ ಇದೀನಿ."

"ನೋಡ್ತೀನಿ. ಇನ್ನು ಕದ್ದು ನೋಡೋ ಕಷ್ಟ ಇಲ್ವಲ್ಲ."

ಆ ದಪ್ಪ ಪಂಜಗಳಲ್ಲೇ ಅವನ ಮುಖ ಹಿಡಿದು ಮಾರ್ನಿ ಮುತ್ತಿಟ್ಟಳು. ಬಿಡಲೇ ಇಲ್ಲ.

"ವೇಷ ಬಿಚ್ಚಿಟ್ಟು ಹೊರಡ್ರಪ್ಪಾ," ಎಂದರು ಗ್ಲೆನಿಸ್, ಕಣ್ಣೊರೆಸಿಕೊಳ್ಳುತ್ತ. "ನಂಗೂ ಊಟ ಆಗ್ಬೇಕು."