ಇಪ್ಪತ್ತೇಳನೇ ಡಬ್ಬಿಯ ನಾಲ್ಕು ನೊಣ

ಸೋಮವಾರ ಬೆಳಿಗ್ಗೆ ಹತ್ತೂಕಾಲಿಗೆ ಇಪ್ಪತ್ತೇಳನೇ ಡಬ್ಬಿಯಲ್ಲಿ ನಾಲ್ಕು ನೊಣ ಸಿಕ್ಕವು.

ನಾಲ್ಕೇ ನಾಲ್ಕು. ಬೇರೆ ಕಡೆಯಾಗಿದ್ದರೆ ಯಾರೂ ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ಆದರೆ ಇವು ಮನೆಯೊಳಗೆ ಗುಂಯ್‌ಗುಡುವ ನೊಣಗಳಲ್ಲ. ಹಣ್ಣಿನ ಸಿಪ್ಪೆ ಚುಚ್ಚಿ ಒಳಗೆ ಮೊಟ್ಟೆಯಿಡುವ ಹಣ್ಣುನೊಣಗಳು. ಈ ಕಿತ್ತಳೆ ಕಣಿವೆಯಲ್ಲಿ ಹನ್ನೊಂದು ವರ್ಷದಿಂದ ಅಂಥದ್ದೊಂದೂ ಕಣ್ಣಿಗೆ ಬಿದ್ದಿರಲಿಲ್ಲ. ಡಬ್ಬಿ ಬಿಚ್ಚಿದ ಮನುಷ್ಯ ಅಲ್ಲೇ ಬದುವಿನ ಮೇಲೆ ಕೂತ. ಕೂತಲ್ಲಿಂದಲೇ ಸಸ್ಯ ಆರೋಗ್ಯ ಅಧಿಕಾರಿಗೆ ಫೋನು ಮಾಡಿದ.

ಆ ಅಧಿಕಾರಿಯನ್ನು ಕಣಿವೆಯವರು ಕರೆಯುವುದು ಭೂತಗನ್ನಡಿ ಮೇಡಂ ಎಂದು. ಕೊರಳಲ್ಲಿ ಸರ ಇರಬೇಕಾದ ಕಡೆ ದಾರ ಕಟ್ಟಿದ ಭೂತಗನ್ನಡಿ ಇರುತ್ತದೆ, ಅದಕ್ಕೆ. ಮಾತು ಕಡಿಮೆ, ಕಣ್ಣು ಜಾಸ್ತಿ. ಫೋನು ಇಟ್ಟ ಹತ್ತೇ ನಿಮಿಷಕ್ಕೆ ಅವಳ ಸ್ಕೂಟರು ಮರದ ಕೆಳಗಿತ್ತು.

"ಮುಟ್ಟಿದ್ರಾ ಮಾವ?"

"ಮುಚ್ಚಳ ಬಿಚ್ಚಿದ್ದಷ್ಟೇ. ಸೀಲು ಸರಿಯಾಗೇ ಇತ್ತು."

ಎಲ್ಲರೂ ಅವನನ್ನು ಡಬ್ಬಿ ಮಾವ ಎನ್ನುತ್ತಿದ್ದರು, ಮೇಡಮ್ಮೂ ಹಾಗೆಯೇ. ಕಣಿವೆಯ ಎಪ್ಪತ್ತೆರಡು ಮರಗಳಲ್ಲಿ ಹಳದಿ ಬಲೆಡಬ್ಬಿಗಳು ತೂಗುತ್ತವೆ. ವಾರಕ್ಕೊಮ್ಮೆ ಎಪ್ಪತ್ತೆರಡನ್ನೂ ಬಿಚ್ಚಿ, ಒಳಗೆ ನೋಡಿ, ಮತ್ತೆ ಸೀಲು ಹಾಕುವುದು ಅವನ ಕೆಲಸ. ಹನ್ನೊಂದು ವರ್ಷದಲ್ಲಿ ಒಂದು ವಾರವೂ ತಪ್ಪಿಸಿರಲಿಲ್ಲ. ಮಗಳ ಮದುವೆಯ ದಿನ ಬೆಳಗಿನ ಜಾವ ಎದ್ದು ಇಪ್ಪತ್ತು ಡಬ್ಬಿ ನೋಡಿಬಂದು ಆಮೇಲೆ ಹೊಸ ಪಂಚೆ ಉಟ್ಟಿದ್ದ ಆಸಾಮಿ.

ಆ ನಡಿಗೆಯ ಮೇಲೆಯೇ ಕಣಿವೆ ನಿಂತಿತ್ತು. ಹಣ್ಣು ಕೊಳ್ಳುವ ದೇಶದವರು ಮೊದಲು ಇಡೀ ನಾಡನ್ನೇ ಒಂದೇ ಕಣ್ಣಿನಿಂದ ನೋಡುತ್ತಿದ್ದರು. ನಿಮ್ಮಲ್ಲಿ ನೊಣ ಇದೆ, ನಿಮ್ಮ ಹಣ್ಣು ಬೇಡ, ಅಷ್ಟೇ. ಆಮೇಲೆ ಕಣಿವೆಯವರು ಲೆಕ್ಕ ಕೊಟ್ಟು ತೋರಿಸಿದರು: ಮೂರು ಕಡೆ ಎತ್ತರದ ಬೆಟ್ಟ, ಮೇಲಿನಿಂದ ಬೀಸುವ ತಣ್ಣನೆ ಗಾಳಿ, ಒಳಗೆ ಬರಲು ಒಂದೇ ಕಂದರ, ಅಲ್ಲೊಂದು ಚೆಕ್‌ಪೋಸ್ಟು. ನಾಡಿನಲ್ಲಿ ನೊಣ ಇರಬಹುದು, ನಮ್ಮಲ್ಲಿಲ್ಲ. ಅವರು ಬಂದು ನೋಡಿ, ಸರಿ, ಈ ಪ್ರದೇಶವನ್ನು ಬೇರೆಯಾಗಿಯೇ ಎಣಿಸೋಣ ಎಂದು ಒಪ್ಪಿದರು. ಷರತ್ತು ಎರಡು. ಡಬ್ಬಿಗಳ ದಾಖಲೆ ತಪ್ಪಬಾರದು. ನೊಣ ಸಿಕ್ಕರೆ ಎರಡು ದಿನದೊಳಗೆ ತಿಳಿಸಬೇಕು. ಈಗ ಕೊಯ್ಲಿಗೆ ಇನ್ನು ಒಂಬತ್ತು ದಿನವಿತ್ತು.

* * *

ಆಫೀಸಿನ ಮೇಜಿನ ಮೇಲೆ ಮೇಡಂ ಡಬ್ಬಿಯನ್ನು ತಲೆಕೆಳಗು ಮಾಡಿದಳು. ನೊಣ ಉದುರಲಿಲ್ಲ. ತಳಕ್ಕೆ ಅಂಟಿಕೊಂಡಿದ್ದವು. ತೆಳು ಕುಂಚದಿಂದ ಒಂದೊಂದಾಗಿ ಎಬ್ಬಿಸಬೇಕಾಯಿತು. ತಳದಲ್ಲಿ ಕಂದು ಬಣ್ಣದ ಕಲೆ. ಮೂಸಿದಳು. ಹುಳಿ ವಾಸನೆ. ಎರಡು ವಾರದಿಂದ ಮಳೆಯ ಹನಿ ಬಿದ್ದಿರಲಿಲ್ಲ, ಹಾಗಾಗಿ ಒಳಗೆ ನೀರು ನುಗ್ಗಿದ್ದೂ ಅಲ್ಲ.

ಭೂತಗನ್ನಡಿ ಹಿಡಿದು ನೋಡಿದಳು. ಎರಡು ಗಂಡು. ಇನ್ನೆರಡರ ಹಿಂಭಾಗದಲ್ಲಿ ಮೊಟ್ಟೆಯಿಡುವ ಸೂಜಿಯಂಥ ಕೊಂಡಿ. ಹೆಣ್ಣು.

ಅವಳ ಹುಬ್ಬು ಗಂಟಿಕ್ಕಿತು. ಇದು ಒಣ ಡಬ್ಬಿ. ಒಳಗಿನ ಹತ್ತಿಯುಂಡೆಯ ವಾಸನೆಗೆ ಗಂಡು ನೊಣಗಳು ಮಾತ್ರ ಮರುಳಾಗಿ ಬರುತ್ತವೆ. ಹೆಣ್ಣು ಇತ್ತ ತಲೆ ಹಾಕುವುದಿಲ್ಲವೆಂದೇ ಹೇಳಬೇಕು. ಹಾಗಾದರೆ ಇವು ಬಂದವಲ್ಲ, ಯಾರೋ ತಂದು ಹಾಕಿದವು. ಸೀಲು ಒಡೆದಿಲ್ಲ ನಿಜ. ಆದರೆ ನೊಣ ನುಗ್ಗಲೆಂದು ಡಬ್ಬಿಯ ಪಕ್ಕದಲ್ಲಿ ಬೆರಳು ಗಾತ್ರದ ತೂತುಗಳಿವೆ. ನೊಣ ಹೋಗುವಲ್ಲಿ ಮನುಷ್ಯನ ಕೈಚಳಕವೂ ಹೋಗುತ್ತದೆ.

ಇಷ್ಟನ್ನೂ ಅವಳು ಹೊಟ್ಟೆಯಲ್ಲೇ ಇಟ್ಟುಕೊಂಡಳು. ಯಾರು ಎಂದು ಗೊತ್ತಾಗದೆ ಬಾಯಿ ಬಿಟ್ಟರೆ, ಹಣ್ಣು ಉಳಿಸಿಕೊಳ್ಳಲು ಕಟ್ಟಿದ ಕತೆ ಎಂದಾರು.

ಅಷ್ಟರಲ್ಲಿ ಬೆಳೆಗಾರರ ಸಂಘದ ಅಧ್ಯಕ್ಷೆ ಏದುಸಿರು ಬಿಡುತ್ತಾ ಬಂದಳು. ನಲವತ್ತು ಎಕರೆ ಕಿತ್ತಳೆಯ ಒಡತಿ, ಗಟ್ಟಿ ಹೆಂಗಸು. ಅವತ್ತು ಮಾತ್ರ ಧ್ವನಿ ತಗ್ಗಿತ್ತು. ನಾಲ್ಕು ನೊಣ ತಾನೇ, ನೋಡಿದವರು ಮೂರು ಜನ, ಕಸದ ಬುಟ್ಟಿಗೆ ಹಾಕಿದರೆ ಮುಗಿಯಿತು ಎಂದಳು.

"ಮುಗಿಯೋದು ನೊಣ ಅಲ್ಲ, ನಮ್ಮ ಮಾತು," ಎಂದಳು ಮೇಡಂ. "ನಾವು ಬರೆದಿದ್ದನ್ನ ಕೊಳ್ಳೋರು ನಂಬ್ತಾರೆ ಅಂತಲೇ ಹಣ್ಣು ಹೋಗ್ತಿದೆ. ಬುಧವಾರ ಬೆಳಿಗ್ಗೆ ಹತ್ತಕ್ಕೆ ವರದಿ ಕಳಿಸ್ತೀನಿ. ಅಷ್ಟರೊಳಗೆ ಏನು ನಡೀತು ಅಂತ ಗೊತ್ತಾದ್ರೆ ಅದನ್ನೂ ಸೇರಿಸ್ತೀನಿ."

"ಮಾವನೇ ಏನಾದ್ರೂ..."

ಅಧ್ಯಕ್ಷೆ ಮಾತು ನುಂಗಿದಳು. ಆದರೆ ಹಣ್ಣು ತುಂಬುವ ಪ್ಯಾಕ್‌ಹೌಸಿನ ಅಂಗಳದಲ್ಲಿ ಬೇರೆಯವರು ನುಂಗಲಿಲ್ಲ. ಸೀಲು ಹಾಕುವ ಇಕ್ಕಳ ಇರುವುದು ಅವನೊಬ್ಬನ ಕೈಯಲ್ಲಿ. ನೋಡದೆಯೇ ನೋಡಿದೆ ಎಂದು ಬರೆದು ಓಡಾಡಿದ್ದಾನೆ ಎಂದರು ಕೆಲವರು. ಕಾಸು ತಿಂದು ತಾನೇ ಹಾಕಿದ್ದಾನೆ ಎಂದರು ಇನ್ನು ಕೆಲವರು. ನಿನ್ನೆಯವರೆಗೆ ಅವನನ್ನು ಮನೆಯೊಳಗೆ ಕರೆದು ಊಟಕ್ಕೆ ಕೂರಿಸಿದ್ದ ಬಾಯಿಗಳೇ ಅವು.

ನಿಯಮ ಸ್ಪಷ್ಟವಾಗಿತ್ತು. ಅನುಮಾನ ಬಗೆಹರಿಯುವವರೆಗೆ ಡಬ್ಬಿ ನೋಡುವವನನ್ನು ನಿಲ್ಲಿಸಬೇಕು. ಮೇಡಂ ಅವನ ಮುಖ ನೋಡದೆ ಆದೇಶ ಓದಿದಳು. ಮಾವ ಇಕ್ಕಳ, ದಾಖಲೆ ಪುಸ್ತಕ ಎರಡನ್ನೂ ಮೇಜಿನ ಮೇಲಿಟ್ಟು, ಸಹಿ ಹಾಕಿ, ಮನೆಗೆ ನಡೆದ. ಬೈದಿದ್ದರೆ ಅವಳಿಗೆ ಎಷ್ಟೋ ಹಗುರವಾಗುತ್ತಿತ್ತು.

* * *

ಮಂಗಳವಾರ ಬೆಳಿಗ್ಗೆ ಎಲ್ಲರ ಬೆರಳೂ ಕಂದರದಾಚೆಗೆ ತಿರುಗಿದ್ದವು. ಚೆಕ್‌ಪೋಸ್ಟಿಗೆ ತಾಗಿದಂತೆಯೇ, ಆದರೆ ಮನ್ನಣೆ ಪಡೆದ ಪ್ರದೇಶದ ಗೆರೆಯ ಹೊರಗೆ, ಒಂದು ಕಿತ್ತಳೆ ತೋಟವಿತ್ತು. ಅದರ ಒಡೆಯನನ್ನು ಕೆಳತೋಟದವ ಎನ್ನುತ್ತಿದ್ದರು. ಒಂದೇ ಬೆಟ್ಟ, ಒಂದೇ ನೀರು, ನಿಮ್ಮ ಹಣ್ಣು ಹಡಗು ಹತ್ತುತ್ತೆ, ನಂದು ಸಂತೆಗೆ ಹೋಗುತ್ತೆ ಎಂದು ಸಭೆಗಳಲ್ಲಿ ಕೂಗಾಡಿದ್ದ ಮನುಷ್ಯ. ಶನಿವಾರ ಅವನ ಜೀಪು ಕಣಿವೆಯೊಳಗೆ ಬಂದುಹೋದದ್ದು ಚೆಕ್‌ಪೋಸ್ಟಿನ ಪುಸ್ತಕದಲ್ಲಿತ್ತು.

ಮೇಡಂ ನೇರವಾಗಿ ಅವನ ತೋಟಕ್ಕೇ ಹೋದಳು. ಅವನು ಮುಚ್ಚುಮರೆ ಮಾಡಲಿಲ್ಲ. ಹೌದು, ಬಂದಿದ್ದೆ, ಡಬ್ಬಿ ಮಾವನನ್ನು ನೋಡಲು ಎಂದ. ಬನ್ನಿ ಎಂದು ಮರಗಳ ನಡುವೆ ಕರೆದುಕೊಂಡು ಹೋದ. ಅಲ್ಲಿ ಕೊಂಬೆಕೊಂಬೆಗೆ ನೀರಿನ ಬಾಟಲಿಗಳು ತೂಗುತ್ತಿದ್ದವು. ತೂತು ಕೊರೆದು ಅವನೇ ಮಾಡಿಕೊಂಡ ಬಲೆಗಳು. ಬಿದ್ದ ಹಣ್ಣನ್ನೆಲ್ಲ ಆರಿಸಿ ಗುಂಡಿಯಲ್ಲಿ ಹೂತಿದ್ದ. ಪುಸ್ತಕ ತೆಗೆದು ತೋರಿಸಿದ. ಎರಡು ವರ್ಷದ ಹಿಂದೆ ವಾರಕ್ಕೆ ಮುನ್ನೂರು ನೊಣ, ಈಗ ಹನ್ನೆರಡು.

"ಪೂರ್ತಿ ಇಲ್ಲ ಅನ್ನಕ್ಕಾಗಲ್ಲ ಮೇಡಂ. ನೊಣ ಕಮ್ಮಿ ಇರೋ ಜಾಗದ ಹಣ್ಣು ಕಳಿಸೋಕೂ ಒಂದು ದಾರಿ ಇದೆಯಂತಲ್ಲ, ಮಾವ ಹೇಳಿದ್ರು. ದಾಖಲೆ ಬರೆಯೋದು ಹೇಗೆ ಅಂತ ಕಲಿಯೋಕೆ ಹೋಗಿದ್ದೆ."

ಅನುಮಾನ ಹೊತ್ತು ಬಂದವಳು ಆ ಪುಸ್ತಕವನ್ನು ಎರಡು ಸಲ ಓದಿದಳು. ಕೂಗಾಟದ ಹಿಂದೆ ಇಷ್ಟು ಕೆಲಸ ಇತ್ತೆಂದು ಅವಳಿಗೆ ಗೊತ್ತಿರಲಿಲ್ಲ. ಕೆಳಗಿನ ನೊಣವನ್ನು ಮೇಲಕ್ಕೆ ಒಯ್ದು ಹಾಳುಮಾಡುವವನು ತನ್ನ ನೊಣವನ್ನು ಇಷ್ಟು ಕಷ್ಟಪಟ್ಟು ಎಣಿಸುವುದಿಲ್ಲ.

* * *

ಆಫೀಸಿಗೆ ಮರಳಿ ಡಬ್ಬಿ ಮಾವನ ದಾಖಲೆ ಪುಸ್ತಕ ಬಿಚ್ಚಿದಳು. ಪ್ರತಿ ಡಬ್ಬಿಯ ಮುಂದೆ, ಪ್ರತಿ ವಾರ, ಎರಡೇ ಪದ. 'ನೋಡಿದೆ. ಇಲ್ಲ.' ಬೇರೆ ಯಾರಾದರೂ ಆಗಿದ್ದರೆ ಒಂದು ಗೀಟು ಎಳೆದು ಕೈ ತೊಳೆದುಕೊಳ್ಳುತ್ತಿದ್ದರು. ಇವನು ನಲವತ್ತು ಸಾವಿರ ಸಲ ಕೈಯಾರೆ ಬರೆದಿದ್ದ. ಅವಳ ಕಣ್ಣು ತೇವವಾಯಿತು.

ಇಪ್ಪತ್ತೇಳನೇ ಡಬ್ಬಿಯ ಪುಟದಲ್ಲಿ ಒಂದು ಕಡೆ ಮಾತ್ರ ನಾಲ್ಕು ಸಾಲು ಹೆಚ್ಚಿತ್ತು. 'ಇದು ದ್ರಾವಣದ ಡಬ್ಬಿ. ಪಕ್ಕದ ಮನೆ ಅಜ್ಜಿ ಜೇನು ಸಾಕಿದ್ದಾರೆ. ಹುಳುಗಳು ದ್ರಾವಣಕ್ಕೆ ಬಿದ್ದು ಸಾಯುತ್ತಿವೆ. ಒಣ ಡಬ್ಬಿ ಮಾಡಬಹುದೇ?' ಕೆಳಗೆ ಅವಳದೇ ಒಪ್ಪಿಗೆ ಸಹಿ. ಏಳು ತಿಂಗಳ ಹಿಂದಿನದು.

ಅವಳು ಧಡಕ್ಕನೆ ಎದ್ದು ನಿಂತಳು.

ಹುಳಿ ವಾಸನೆ. ಕಂದು ಕಲೆ. ದ್ರಾವಣದ ಡಬ್ಬಿಯೊಳಗಿನ ಹುಳಿಸಿಹಿ ನೀರಿಗೆ ಗಂಡು, ಹೆಣ್ಣು ಎರಡೂ ಬಂದು ಬೀಳುತ್ತವೆ. ನೊಣ ಹಾಕಿದವನು ದಡ್ಡನಲ್ಲ. ಗಂಡು ಹೆಣ್ಣು ಎರಡನ್ನೂ ಸೇರಿಸಿ, ಅದೇ ದ್ರಾವಣದಲ್ಲಿ ನೆನೆಸಿ, ತೂತಿನೊಳಗೆ ಸುರಿದಿದ್ದಾನೆ. ಎಲ್ಲ ಗೊತ್ತಿದ್ದವನು. ಡಬ್ಬಿ ಬದಲಾದದ್ದೊಂದನ್ನು ಬಿಟ್ಟು. ಹೊರಗಿನಿಂದ ಎರಡೂ ಒಂದೇ ಹಳದಿ. ಸೀಲು ಒಡೆಯದೆ ಒಳಗೆ ಏನಿದೆಯೆಂದು ಕಾಣುವುದಿಲ್ಲ.

ಡಬ್ಬಿ ಮಾವನಿಗೆ ಅದು ಗೊತ್ತಿಲ್ಲದೆ ಇರುತ್ತದೆಯೇ? ಬದಲಾಯಿಸಿದವನೇ ಅವನು. ಸಂಘದ ಬೆಳೆಗಾರರಿಗೂ ಗೊತ್ತು. ಜೇನಿನ ವಿಷಯ ಸಭೆಯಲ್ಲೇ ಚರ್ಚೆಯಾಗಿತ್ತು, ಡಬ್ಬಿಗಳ ಹೊಸ ನಕ್ಷೆ ಮನೆಮನೆಗೆ ಹೋಗಿತ್ತು. ಹಾಗಾದರೆ ಹಳೇ ನಕ್ಷೆ ಯಾರ ಗೋಡೆಯ ಮೇಲಿದೆ?

ಮಧ್ಯಾಹ್ನ ಅವಳು ಕೋಲ್ಡ್ ಸ್ಟೋರೇಜ್ ಸಾಹುಕಾರನ ಆಫೀಸಿಗೆ ಹೋದಳು. ಹೋದ ವರ್ಷ ಅವನು ಮೂರು ದೊಡ್ಡ ಶೀತಕೋಣೆ ಕಟ್ಟಿಸಿದ್ದ. ಎರಡು ವಾರ ಕೊರೆಯುವ ತಣ್ಣಗಿನಲ್ಲಿಟ್ಟರೆ ಹಣ್ಣಿನೊಳಗಿನ ಹುಳ ಸಾಯುತ್ತದೆ, ನೊಣವಿರುವ ಪ್ರದೇಶದ ಹಣ್ಣೂ ಹಾಗೆ ಹೋಗಬಹುದು. ನಮ್ಮಲ್ಲಿ ನೊಣವೇ ಇಲ್ಲ, ನಿನ್ನ ಕೋಣೆ ನಮಗೇಕೆ ಎಂದು ಸಂಘದವರು ನಕ್ಕಿದ್ದರು. ಅವನು ಆಗಲೇ ಮುನಿಸಿಕೊಂಡು ಸಂಘ ಬಿಟ್ಟಿದ್ದ, ಹೊಸ ನಕ್ಷೆ ಅವನಿಗೆ ಹೋಗಿರಲಿಲ್ಲ. ಈಗ ತುಂಬ ಆದರದಿಂದ ಕಾಫಿ ತರಿಸಿದ. ಕಷ್ಟಕಾಲದಲ್ಲಿ ಹಳೆಯದು ಮನಸ್ಸಿನಲ್ಲಿಟ್ಟುಕೊಳ್ಳಬಾರದು, ತನ್ನ ಕೋಣೆಗಳು ಸಿದ್ಧವಾಗಿವೆ ಎಂದ.

ಮೇಡಂ ಕಾಫಿ ಕುಡಿದಳು. ಅವನ ಹಿಂದಿನ ಗೋಡೆಯ ಮೇಲಿದ್ದ ನಕ್ಷೆಯನ್ನು ಓದಿದಳು. ಕೊನೆಗೆ, ನಾಳೆ ಬೆಳಿಗ್ಗೆ ಏಳಕ್ಕೆ ಸಂಘದ ಸಭೆಯಿದೆ, ನೀವೂ ಬರಬೇಕು ಎಂದು ಕರೆದು ಎದ್ದಳು. ದಾರಿಯಲ್ಲಿ ಚೆಕ್‌ಪೋಸ್ಟಿಗೆ ಹೋಗಿ ಹಳೇ ಪುಟಗಳನ್ನು ತಿರುವಿದಳು.

* * *

ಬುಧವಾರ ಬೆಳಿಗ್ಗೆ ಏಳಕ್ಕೆ ಪ್ಯಾಕ್‌ಹೌಸಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಕ್ರೇಟುಗಳ ಮೇಲೆ ಬೆಳೆಗಾರರು ಕೂತಿದ್ದರು. ಕೆಳತೋಟದವ ಬಾಗಿಲಲ್ಲಿ ನಿಂತಿದ್ದ. ಡಬ್ಬಿ ಮಾವ ಹಿಂದಿನ ಮೂಲೆಯಲ್ಲಿ ಒಬ್ಬನೇ ಇದ್ದ. ಅವನ ಪಕ್ಕದ ಕ್ರೇಟು ಖಾಲಿಯಿತ್ತು.

ವರದಿ ಬರೆಯುವಾಗ ಒಂದು ಅನುಮಾನ ಬಂದಿದೆ ಎಂದಳು ಮೇಡಂ. ಸಿಕ್ಕ ನಾಲ್ಕರಲ್ಲಿ ಎರಡು ಹೆಣ್ಣು. ನೊಣ ತಾನಾಗಿ ಬಂತು ಎನ್ನುವುದೇ ಸುಳ್ಳಿರಬಹುದೇ ಎಂದು ಕೇಳಿದಳು.

ಸಭೆ ಗುಜುಗುಜು ಎಂದಿತು. ಸಾಹುಕಾರ ಗಂಟಲು ಸರಿಮಾಡಿಕೊಂಡ.

"ಅದ್ರಲ್ಲಿ ಅನುಮಾನ ಏನು ಬಂತು ಮೇಡಂ? ಇಪ್ಪತ್ತೇಳು ದ್ರಾವಣದ ಡಬ್ಬಿ. ಗಂಡು ಹೆಣ್ಣು ಎರಡೂ ಬೀಳ್ತವೆ."

ಗುಜುಗುಜು ನಿಂತುಹೋಯಿತು. ಎಲ್ಲರೂ ಅವನನ್ನೇ ನೋಡಿದರು. ಯಾಕೆ ನೋಡುತ್ತಿದ್ದಾರೆಂದು ಅವನೊಬ್ಬನಿಗೇ ತಿಳಿಯಲಿಲ್ಲ.

"ಅದು ಒಣ ಡಬ್ಬಿ," ಎಂದಳು ಅಧ್ಯಕ್ಷೆ ನಿಧಾನವಾಗಿ. "ಏಳು ತಿಂಗಳಾಯ್ತು."

ಮೇಡಂ ಬಿಡಿಸಿ ಹೇಳಿದಳು. ಅಂಟು, ವಾಸನೆ, ಹೆಣ್ಣು ನೊಣ, ಸಾಹುಕಾರನ ಗೋಡೆಯ ಮೇಲಿನ ಹಳೇ ನಕ್ಷೆ, ಅದರಲ್ಲಿ ಇಪ್ಪತ್ತೇಳಕ್ಕೆ ದ್ರಾವಣದ ನೀಲಿ ಗುರುತು. ಆಮೇಲೆ ಚೆಕ್‌ಪೋಸ್ಟಿನ ಪುಸ್ತಕ. ಶೀತಕೋಣೆಯ ಪರೀಕ್ಷೆಗೆಂದು ಅನುಮತಿ ಪಡೆದು ಅವನು ಕಣಿವೆಯ ಹೊರಗಿನಿಂದ ಹದಿನಾಲ್ಕು ಕ್ರೇಟು ಹುಳ ಹಿಡಿದ ಹಣ್ಣು ಸೀಲು ಮಾಡಿ ತರಿಸಿದ್ದ. ವಾಪಸು ಹೋದದ್ದು ಹದಿಮೂರು. ಹದಿನಾಲ್ಕನೆಯದು ಕೊಳೆಯಿತು, ಸುಟ್ಟೆ ಎಂದ ಸಾಹುಕಾರ. ಸುಡುವುದಿದ್ದರೆ ನನ್ನೆದುರು ಸುಡಬೇಕಿತ್ತು ಎಂದು ಮೇಡಂ ಕೋಣೆಗಳ ಬೀಗದ ಕೈಗೆ ಕೈ ಚಾಚಿದಳು. ಅವನು ಕೊಡಲಿಲ್ಲ. ಅಧ್ಯಕ್ಷೆ ಪೊಲೀಸರಿಗೆ ಫೋನು ಹಚ್ಚಿದಳು. ಅವರು ಬಂದ ಮೇಲೆ ಬೀಗದ ಕೈ ತಾನಾಗಿ ಜೇಬಿನಿಂದ ಹೊರಬಂತು.

ಮೂರನೇ ಕೋಣೆಯಲ್ಲಿ ತಂಪಿನ ಯಂತ್ರ ನಿಲ್ಲಿಸಿತ್ತು. ಒಳಗೆ ಬೆಚ್ಚಗಿತ್ತು. ಸೊಳ್ಳೆಪರದೆ ಬಿಗಿದ ಒಂದು ಕ್ರೇಟು, ಅದರೊಳಗೆ ಕೊಳೆತ ಹಣ್ಣು, ಪರದೆಯ ತುಂಬಾ ನೊಣ. ಪರದೆ ಎಲ್ಲೂ ಹರಿದಿರಲಿಲ್ಲ. ಅದಷ್ಟೇ ಕಣಿವೆಯ ಪುಣ್ಯ.

"ಒಂದು ವರ್ಷ ಮಾತ್ರ ನನ್ನ ಕೋಣೆಗೆ ಹಣ್ಣು ಬರಲಿ ಅಂತಿದ್ದೆ," ಎಂದ ಸಾಹುಕಾರ.

* * *

ಹತ್ತಕ್ಕೆ ಐದು ನಿಮಿಷವಿರುವಾಗ ವರದಿ ಹೋಯಿತು. ನೊಣ ಸಿಕ್ಕದ್ದು, ಮಾವನನ್ನು ನಿಲ್ಲಿಸಿದ್ದು, ಹಳೇ ನಕ್ಷೆ, ಕ್ರೇಟು, ಒಂದನ್ನೂ ಬಿಡದೆ ಬರೆದಿದ್ದಳು. ಸಂಜೆ ಐದಕ್ಕೆ ಹಣ್ಣು ಕೊಳ್ಳುವ ದೇಶದಿಂದ ಉತ್ತರ ಬಂತು. ಮನ್ನಣೆ ಮುಂದುವರಿಯುತ್ತದೆ. ಆ ಮರದ ಸುತ್ತ ನಲವತ್ತು ಡಬ್ಬಿ ಹೆಚ್ಚಿಗೆ ಕಟ್ಟಿ ದಿನವೂ ನೋಡಬೇಕು. ಒಂದು ನೊಣವೂ ಸಿಗದಿದ್ದರೆ ಕೊಯ್ಲಿನ ಹಣ್ಣು ಕಳಿಸಬಹುದು.

ಮೇಡಂ ಉತ್ತರದ ಪ್ರತಿ ಹಿಡಿದು ಡಬ್ಬಿ ಮಾವನ ಮನೆಗೆ ನಡೆದುಕೊಂಡೇ ಹೋದಳು. ಅಂಗಳದಲ್ಲಿ ಆರೇಳು ಬೆಳೆಗಾರರು ತಲೆ ತಗ್ಗಿಸಿ ನಿಂತಿದ್ದರು. ಮಾವನ ಹೆಂಡತಿ ಒಬ್ಬೊಬ್ಬರಿಗೂ ನೀರು ಕೊಟ್ಟು, ಕೂರಿ ಎಂದು ಮಾತ್ರ ಹೇಳದೆ ಒಳಗೆ ಹೋದಳು. ಅಷ್ಟು ಶಿಕ್ಷೆ ಅವರಿಗೆ ಸಲ್ಲಬೇಕಾದದ್ದೇ.

ಇಂಗ್ಲಿಷಿನಲ್ಲಿದ್ದ ಉತ್ತರವನ್ನು ಮಾವ ಅವಳಿಂದ ಓದಿಸಿಕೊಂಡ. ಮೇಡಂ ಕಾಗದ ಮಡಚಿದಳು.

"ಮಾವ, ನಿಮ್ಮನ್ನ ನಿಲ್ಲಿಸಿದ್ದು ನಾನೇ. ನೀವಲ್ಲ ಅಂತ ಗೊತ್ತಿತ್ತು. ಆದ್ರೂ ನಿಲ್ಲಿಸಿದೆ. ಕ್ಷಮಿಸಿ."

"ನಿಲ್ಲಿಸಿದ್ದು ವರದೀಲಿ ಬರೆದ್ರಾ?"

"ಬರೆದೆ."

"ಒಳ್ಳೇದಾಯ್ತು," ಎಂದ ಡಬ್ಬಿ ಮಾವ. "ನೀವು ನನ್ನನ್ನ ನಿಲ್ಲಿಸದೆ ಬಿಟ್ಟಿದ್ರೆ, ಹಣ್ಣು ಕೊಳ್ಳೋರು ಕಣಿವೆನೇ ಬಿಟ್ಟುಬಿಡ್ತಿದ್ರು. ಎರಡು ದಿನ ನಾನು ಮನೇಲಿ ಕೂತಿದ್ದಕ್ಕೆ ನಿಮ್ಮ ಮಾತು ನಿಂತಿತು."

ಆಮೇಲೆ ಅಂಗಳದಲ್ಲಿದ್ದವರ ಕಡೆ ತಿರುಗಿ, ನಲವತ್ತು ಡಬ್ಬಿ ಕಟ್ಟಲು ಏಣಿ ಯಾರ ಮನೆಯಲ್ಲಿದೆ ಎಂದು ಕೇಳಿದ. ಅಷ್ಟೂ ಜನ ಒಟ್ಟಿಗೆ ಓಡಿದರು.